ಸೋಲ್ ಗಾನದ ಉತ್ತರಾಧಿಕಾರ

ಹಾಡಿನ ಸೊಗಸನ್ನು ಹೊಗಳುವುದು ಸುಲಭ. ಅದರ ಋಣವನ್ನು ಅರಿಯುವುದು ಕಷ್ಟ. ಅಮೆರಿಕದ ಕಪ್ಪು ಜನಾಂಗದ ಗಾಯಕರು ಕಳೆದ ಶತಮಾನದ ನಡುಭಾಗದಲ್ಲಿ ಬೆಳೆಯಿಸಿದ 'ಸೋಲ್' ಎಂಬ ಗಾನಪದ್ಧತಿಯ ವಿಷಯದಲ್ಲಿ ಈ ಮಾತು ಎಷ್ಟು ಸತ್ಯವೆಂಬುದನ್ನು ನಾನು ಬಹುಕಾಲದಿಂದ ಮನಗಾಣುತ್ತ ಬಂದಿರುವೆನು. ಕನ್ನಡದ ಕಿವಿಗೆ ಸೋಲಿನಂತೆ ಕೇಳುವ ಈ ಹೆಸರಿಗೆ ಆತ್ಮವೆಂದು ಅರ್ಥ. ಆ ಗಾಯಕರಲ್ಲಿ ಹಿರಿಯರಾದ ಹಲವರು ಇಂದು ಇಲ್ಲ. ಅವರ ಧ್ವನಿಮುದ್ರಿಕೆಗಳು ಉಳಿದಿವೆ. ಅವರು ಬಿಟ್ಟುಹೋದ ಆಸ್ತಿ ಯಾವುದು, ಅದನ್ನು ನಾವು ಅನುಭವಿಸುವ ಬಗೆ ಯೋಗ್ಯವೇ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಲೆಳಸುವೆನು.

ಈ ಗಾನದ ತಾಯಿಬೇರು ಕಪ್ಪು ಜನರ ಇಗರ್ಜಿಗಳಲ್ಲಿದೆ. ಅಲ್ಲಿ ಬೋಧಕನು ಒಂದು ಮಾತೆಂದರೆ ಸಭೆಯು ಮರುಮಾತು ಕೊಡುವುದು. ಗಾಯಕನು ಸ್ವರವೊಂದನ್ನೆತ್ತಿದರೆ ಮೇಳವು ಅದನ್ನು ಹಿಡಿದು ಹಿಂದಿರುಗಿಸುವುದು. ಈ ಕ್ರಮವನ್ನೇ ರೇ ಚಾರ್ಲ್ಸರು 1954ರಲ್ಲಿ, ಭಕ್ತಿಗೀತೆಯೊಂದರ ಧಾಟಿಯೊಡನೆ, ಹೆಣ್ಣಿನ ಮೇಲಣ ಪ್ರೇಮದ ಹಾಡಿಗೆ ಅಳವಡಿಸಿದರು. ದೇವರಿಗೆ ಮೀಸಲಾದುದನ್ನು ಸಂತೆಗೆ ತಂದರೆಂದು ಶ್ರದ್ಧಾವಂತರು ನೊಂದುಕೊಂಡರು. ಆ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ವಾರವೆಲ್ಲ ಪರರ ಮುಂದೆ ತಲೆತಗ್ಗಿಸಿ ಬಾಳಬೇಕಾಗಿದ್ದ ಜನಕ್ಕೆ, ಇದು ನಮ್ಮದು ಎಂದುಕೊಳ್ಳುವುದಕ್ಕೆ ಇದ್ದ ತಾಣ ಆ ಇಗರ್ಜಿ. ಆದರೂ ನನಗೆ ತೋರುವುದು ಬೇರೆ. ದೇವರ ಸನ್ನಿಧಿಯಲ್ಲಿ ಬಾಯಿಬಿಟ್ಟು ನುಡಿಯಲು ಕಲಿತವನು ಮನುಷ್ಯರ ಸನ್ನಿಧಿಯಲ್ಲಿಯೂ ಹಾಗೆಯೇ ನುಡಿಯಲು ಹೊರಟರೆ ಅದು ಅಪಚಾರವಲ್ಲ. ಕಲಿತ ವಿದ್ಯೆಯ ಫಲ.

ಸ್ಯಾಮ್ ಕುಕ್ಕರ ಜೀವನವೇ ಇದಕ್ಕೆ ನಿದರ್ಶನ. ಪಾದ್ರಿಯ ಮಗನಾಗಿ 1931ರಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿ, 'ಸೋಲ್ ಸ್ಟಿರರ್ಸ್' ಎಂಬ ಭಕ್ತಿಗಾಯಕರ ಮೇಳದಲ್ಲಿ ಹೆಸರಾಂತು, 1957ರಲ್ಲಿ ಪ್ರೇಮಗೀತೆಗಳಿಂದ ದೇಶವನ್ನೇ ಮರುಳುಗೊಳಿಸಿದರು. ಇಂತಹ ಗಾಯಕರಿಗೂ 1963ರ ಅಕ್ಟೋಬರಿನಲ್ಲಿ ಲೂಸಿಯಾನದ ಶ್ರೀವ್‌ಪೋರ್ಟಿನ ವಸತಿಗೃಹವೊಂದರಲ್ಲಿ ಬಣ್ಣದ ಕಾರಣದಿಂದ ಸ್ಥಳ ದೊರೆಯಲಿಲ್ಲ; ಪ್ರತಿಭಟಿಸಿದುದಕ್ಕೆ ಬಂಧನವೂ ಆಯಿತು. ಮರು ಜನವರಿಯಲ್ಲಿ ಅವರು 'ಎ ಚೇಂಜ್ ಈಸ್ ಗಾನ ಕಮ್' ಎಂಬ ಗೀತೆಯನ್ನು ಮುದ್ರಿಸಿದರು. ತಂತೀವಾದ್ಯಗಳ ಗಂಭೀರ ಮೇಳದ ನಡುವೆ ಆ ಧ್ವನಿಯು ಕೂಗುವುದಿಲ್ಲ, ಶಪಿಸುವುದಿಲ್ಲ. ಕಾಲ ಬದಲಾಗುವುದೆಂಬ ನಂಬಿಕೆಯನ್ನು ಹಾಡುತ್ತಲೇ, ಆ ನಂಬಿಕೆಗೆ ತಗಲುವ ದಣಿವನ್ನೂ ಮುಚ್ಚಿಡುವುದಿಲ್ಲ. ಅದರ ಶಕ್ತಿಯೆಲ್ಲ ಈ ಪ್ರಾಮಾಣಿಕತೆಯಲ್ಲಿದೆ. ಅದೇ ವರ್ಷ ಡಿಸೆಂಬರ್ 11ರಂದು ಲಾಸ್ ಏಂಜಲೀಸಿನಲ್ಲಿ ಕುಕ್ಕರು ಗುಂಡೇಟಿಗೆ ಬಲಿಯಾದರು. ಕೆಲವು ದಿನಗಳಲ್ಲಿಯೇ ಬಿಡಿ ಮುದ್ರಿಕೆಯಾಗಿ ಈ ಹಾಡು ಹೊರಬಂದಾಗ ಒಂದು ಚರಣ ಅದರಲ್ಲಿರಲಿಲ್ಲ. ಕಪ್ಪು ಮನುಷ್ಯನು ಪೇಟೆಯಲ್ಲಿ ಕಾಲಿಟ್ಟರೆ ಅಟ್ಟಲ್ಪಡುವುದನ್ನು ನೇರವಾಗಿ ಹೇಳಿದ ಚರಣವೇ ಅದು. ಆಶೆಯನ್ನು ಉಳಿಸಿ ಕಾರಣವನ್ನು ಕತ್ತರಿಸಿದ್ದರು! ಈ ಗಾಯಕರನ್ನು ಲೋಕವು ಕೇಳಿದ ರೀತಿ ಬಹುಮಟ್ಟಿಗೆ ಇದೇ ಎಂದರೆ ಅತಿಶಯೋಕ್ತಿಯಾಗದು.

ಅರೀತಾ ಫ್ರಾಂಕ್ಲಿನ್ನರ 'ರೆಸ್ಪೆಕ್ಟ್' ಎಂಬ ಹಾಡನ್ನು ತೆಗೆದುಕೊಳ್ಳೋಣ. ಇದನ್ನು ರಚಿಸಿ 1965ರಲ್ಲಿ ಮೊದಲು ಹಾಡಿದವರು ಓಟಿಸ್ ರೆಡ್ಡಿಂಗ್. ಅವರಲ್ಲಿ ಅದು ದುಡಿದು ಮನೆಗೆ ಬಂದ ಗಂಡಸಿನ ಕೋರಿಕೆ. 1967ರ ಫೆಬ್ರವರಿಯಲ್ಲಿ ಅರೀತಾ ಅದನ್ನು ಹೆಣ್ಣಿನ ಬಾಯಿಗೆ ಕೊಟ್ಟರು. ಗೌರವವೆಂಬ ಆ ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಿದರು. ಒಡಹುಟ್ಟಿದವರಾದ ಎರ್ಮಾ, ಕ್ಯಾರೊಲಿನ್ ಹಿಮ್ಮೇಳದಲ್ಲಿ ಓಗೊಟ್ಟರು. ಇಗರ್ಜಿಯ ಅದೇ ಕರೆ, ಅದೇ ಮರುಕರೆ. ಆದರೆ ಈಗ ಕೇಳುತ್ತಿದ್ದುದು ದೇವರ ಕರುಣೆಯನ್ನಲ್ಲ, ಮನುಷ್ಯರಿಂದ ಬರಬೇಕಾದ ಬಾಕಿಯನ್ನು. ಕೋರಿಕೆಯನ್ನು ಹಕ್ಕನ್ನಾಗಿ ಮಾರ್ಪಡಿಸಿದ ಗಾಯನವನ್ನು ಕೇವಲ ಅನುವಾದವೆನ್ನಲಾದೀತೇ? ಅದು ಎರಡನೆಯ ರಚನೆಯೇ ಸರಿ.

ಆದರೆ ಅಮೆರಿಕದ ಕಾಯದೆಯು ಹಾಗೆಣಿಸಲಿಲ್ಲ. ಸಾಮಾನ್ಯ ರೇಡಿಯೋದಲ್ಲಿ ಹಾಡು ಬಿತ್ತರವಾದಾಗ ಅಲ್ಲಿ ಹಣ ಸಲ್ಲುವುದು ರಚಿಸಿದವರಿಗೆ ಮತ್ತು ಪ್ರಕಾಶಕರಿಗೆ; ಹಾಡಿದವರಿಗೆ ಅಲ್ಲ. ಗೌರವವನ್ನು ಕೇಳಿದ ಆ ಹಾಡು ಅಷ್ಟು ಸಲ ಬಿತ್ತರವಾದರೂ ಹಾಡಿದಾಕೆಗೆ ಅದರಿಂದ ಗೌರವಧನ ಬರಲಿಲ್ಲ. ಕುಕ್ಕರಂಥವರು ತಮ್ಮ ಹಾಡುಗಳಿಗೆ ತಮ್ಮದೇ ಪ್ರಕಾಶನವನ್ನೂ ಮುದ್ರಿಕಾಸಂಸ್ಥೆಯನ್ನೂ ಏರ್ಪಡಿಸಿಕೊಂಡುದು ಎಷ್ಟು ದೂರದೃಷ್ಟಿಯ ಕಾರ್ಯವೆಂಬುದು ಇದರಿಂದ ತಿಳಿಯುವುದು.

ಇವರ ನೋವೇ ಇವರ ಕಂಠಕ್ಕೆ ಮಾಧುರ್ಯವಿತ್ತಿತೆಂದು ರಸಿಕರು ಹೇಳುವುದುಂಟು. ಈ ಮಾತನ್ನು ನಾನು ಒಪ್ಪಲಾರೆ. ನೋವು ಲಕ್ಷಾಂತರ ಜನರಿಗಿತ್ತು; ಅವರೆಲ್ಲರೂ ಅರೀತಾ ಆಗಲಿಲ್ಲ. ಡೆಟ್ರಾಯಿಟಿನಲ್ಲಿ ತಂದೆಯ ಇಗರ್ಜಿಯಲ್ಲಿ ಬಾಲ್ಯದಿಂದ ನಡೆಸಿದ ಸಾಧನೆ, ಪಿಯಾನೋದ ಮೇಲಣ ಹಿಡಿತ, ಹಾಡಿನ ಕಟ್ಟಡವನ್ನು ಒಳಗಿನಿಂದ ಬಲ್ಲ ಬುದ್ಧಿ ಇವೆಲ್ಲ ವಿದ್ಯೆ. ಸಂಕಟವನ್ನು ಗುರುವೆಂದು ಕೊಂಡಾಡಿದರೆ ವಿದ್ಯೆಗೆ ಅನ್ಯಾಯ, ಸಂಕಟ ಕೊಟ್ಟವರಿಗೆ ಪುರಸ್ಕಾರ. 1972ರ ಜನವರಿಯಲ್ಲಿ ಅರೀತಾ ಲಾಸ್ ಏಂಜಲೀಸಿನ ಇಗರ್ಜಿಯೊಂದಕ್ಕೆ ಮರಳಿ ಎರಡು ರಾತ್ರಿ ಭಕ್ತಿಗೀತೆಗಳನ್ನು ಹಾಡಿದರು. ಆ ಮುದ್ರಿಕೆಯನ್ನು ಕೇಳಿದವರಿಗೆ, ಸಂತೆಗೆ ಹೋದ ಕಂಠವು ಏನನ್ನೂ ಕಳೆದುಕೊಂಡಿರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ರೆಡ್ಡಿಂಗರು 1967ರ ಡಿಸೆಂಬರಿನಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ, ವಿಮಾನಾಪಘಾತದಲ್ಲಿ ತೀರಿಕೊಂಡರು. ಚಾರ್ಲ್ಸರು 2004ರಲ್ಲಿ, ಅರೀತಾ 2018ರಲ್ಲಿ. ಇವರ ಉತ್ತರಾಧಿಕಾರವು ಇವರನ್ನು ಅನುಕರಿಸುವ ಗಾಯಕರಿಗೆ ಮಾತ್ರ ಸೇರಿದುದಲ್ಲ. ಕೇಳುವ ನಮಗೂ ಅದರಲ್ಲಿ ಪಾಲುಂಟು, ಪಾಲಿನೊಡನೆ ಹೊಣೆಯೂ ಉಂಟು. ಕುಕ್ಕರ ಹಾಡನ್ನು ಕೇಳುವುದಾದರೆ ಆ ಕತ್ತರಿಸಿದ ಚರಣವನ್ನೂ ಸೇರಿಸಿದ ಪಾಠವನ್ನೇ ವಾಚಕರು ಹುಡುಕಿ ಕೇಳಬೇಕೆಂದು ನನ್ನ ಬಿನ್ನಹ.