ಹತ್ತೊಂಬತ್ತನೇ ಗೇಟು ಮತ್ತು ನಮ್ಮ ಎಫ್‌ಎಂ

2024ರ ಆಗಸ್ಟ್ 10ರ ರಾತ್ರಿ ತುಂಬಿ ನಿಂತಿದ್ದ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಅದೇ ತಿಂಗಳ 28ರಂದು ಕೇಂದ್ರ ಸಚಿವ ಸಂಪುಟ 234 ಹೊಸ ಊರುಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಆ ಪಟ್ಟಿಯಲ್ಲಿ ಡ್ಯಾಮಿನ ಪಕ್ಕದ ನಮ್ಮ ಹೊಸಪೇಟೆಯೂ ಇದೆ. ಈ ಎರಡಕ್ಕೂ ನೇರ ನಂಟಿಲ್ಲ, ನಿಜ. ಆದರೆ ನಮ್ಮೂರಿಗೆ ಬರುವ ವಾಣಿಜ್ಯ ಎಫ್‌ಎಂ ಎಂಥದಿರಬೇಕು ಎಂದು ತಿಕ್ಕಿ ನೋಡಲು ಆ ರಾತ್ರಿಗಿಂತ ಒಳ್ಳೆಯ ಒರೆಗಲ್ಲು ನನಗೆ ಕಾಣುತ್ತಿಲ್ಲ.

ಖಾಸಗಿ ಎಫ್‌ಎಂ ದೇಶದಲ್ಲಿ ಮೊದಲು ದನಿ ತೆಗೆದದ್ದೇ ಬೆಂಗಳೂರಿನಲ್ಲಿ, 2001ರ ಜುಲೈನಲ್ಲಿ, ರೇಡಿಯೊ ಸಿಟಿಯ ಮೂಲಕ. ಆಮೇಲೆ ಮೈಸೂರು, ಮಂಗಳೂರು, ಕಲಬುರಗಿಗೂ ಬಂತು. ಈ ವಾಹಿನಿಗಳು ಮಾಡಿದ ಒಂದು ಉಪಕಾರವನ್ನು ಮರೆಯಬಾರದು: ಪುಸ್ತಕದ ಕನ್ನಡವನ್ನು ಪಕ್ಕಕ್ಕಿಟ್ಟು ಆಡುಮಾತಿಗೆ ಮೈಕು ಕೊಟ್ಟವು. ಹಿಂದಿ ಹಾಡುಗಳ ಭರಾಟೆಯಲ್ಲಿದ್ದ ಬೆಂಗಳೂರಿನಲ್ಲೇ ಕನ್ನಡ ಹಾಡಿಗೆ ಮಾರುಕಟ್ಟೆ ಇದೆಯೆಂದು ತೋರಿಸಿಕೊಟ್ಟವು. ಆದರೆ ಆ ಆಡುಮಾತು ಬಹುಪಾಲು ಬೆಂಗಳೂರಿನದೇ. ಊರು ಬದಲಾದರೂ ಅವೇ ಹಿಟ್ ಹಾಡು, ಅದೇ ಓಟದ ಮಾತು.

ನಮಗೆ ಈವರೆಗೆ ಜೊತೆಯಾಗಿರುವುದು ಆಕಾಶವಾಣಿ ಹೊಸಪೇಟೆ, 100.5. 1984ರಲ್ಲಿ ನಾಗರಕೋಯಿಲಿನಿಂದ ಶುರುವಾದ ಸ್ಥಳೀಯ ಕೇಂದ್ರಗಳ ಸಾಲಿಗೆ ಸೇರಿದ್ದು. ಹಾಸನ, ಚಿತ್ರದುರ್ಗ, ರಾಯಚೂರು ಕೇಂದ್ರಗಳ ಒಡಹುಟ್ಟು. ಜಾಹೀರಾತು ಇಲ್ಲಿಯೂ ಉಂಟು. ನಡೆ ನಿಧಾನ, ಮಾತು ಕೆಲವೊಮ್ಮೆ ಸರ್ಕಾರಿ ಸುತ್ತೋಲೆಯ ಹಾಗೆ. ಆದರೂ ರೈತನನ್ನು ಕೇಳುಗನೆಂದು ಎಣಿಸಿದ ಬಾನುಲಿ ಇದು. ಅದಕ್ಕಾಗಿ ನನಗೆ ಅದರ ಮೇಲೆ ಗೌರವ. 2021ರಲ್ಲಿ ಬಳ್ಳಾರಿ ಒಡೆದು ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿ ಈಚೆಗೆ ಬಂದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ರೇಡಿಯೊ ಅಲೆಗೆ ಜಿಲ್ಲೆಯ ಗಡಿ ಲೆಕ್ಕಕ್ಕಿಲ್ಲ, ಅಡ್ಡ ಬರುವುದು ಸಂಡೂರಿನ ಗುಡ್ಡಗಳಷ್ಟೇ.

ಈಗ ಕಾನೂನಿನ ಮಾತಿಗೆ ಬರುತ್ತೇನೆ. 2011ರ ನೀತಿಯ ಪ್ರಕಾರ ಖಾಸಗಿ ಎಫ್‌ಎಂ ಆಕಾಶವಾಣಿಯ ಸುದ್ದಿಯನ್ನು ಮರುಪ್ರಸಾರ ಮಾಡಬಹುದು. ಹವಾಮಾನ, ನೀರು, ಕರೆಂಟು, ಪ್ರಕೃತಿ ವಿಕೋಪಗಳ ಬಗ್ಗೆ ಸ್ಥಳೀಯ ಆಡಳಿತ ಕೊಟ್ಟ ಪ್ರಕಟಣೆಯನ್ನು ಓದಬಹುದು. ಸ್ವಂತ ಸುದ್ದಿ ಮಾಡುವಂತಿಲ್ಲ. ಅಂದರೆ ಆಗಸ್ಟ್ 10ರ ರಾತ್ರಿ ಇಲ್ಲೊಂದು ಖಾಸಗಿ ವಾಹಿನಿ ಇದ್ದಿದ್ದರೆ, ನದಿಗೆ ಎಷ್ಟು ಕ್ಯೂಸೆಕ್ ನೀರು ಬಿಟ್ಟಿದ್ದಾರೆಂದು ಕಂಪ್ಲಿಯವರಿಗೆ ಹೇಳಬಹುದಿತ್ತು. ಚೈನು ಯಾಕೆ ತುಂಡಾಯಿತೆಂದು ತನ್ನ ವರದಿಗಾರನನ್ನು ಕಳಿಸಿ ಕೇಳುವಂತಿರಲಿಲ್ಲ. ಹೊಳೆ ಏರಿದಾಗಲೆಲ್ಲ ಸೇತುವೆ ಮುಳುಗಿ ಗಂಗಾವತಿಯ ದಾರಿ ಕಳೆದುಕೊಳ್ಳುವ ಕಂಪ್ಲಿಯಂಥ ಊರಿಗೆ ಇಂಥ ಅರೆಬಾಯಿಯ ರೇಡಿಯೊ ಸಾಲದು. ಗಂಟೆಗೆ 10 ನಿಮಿಷ ಸುದ್ದಿಗೆ ಅವಕಾಶ ಕೊಡಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2023ರಲ್ಲೇ ಶಿಫಾರಸು ಮಾಡಿತ್ತು. ಹರಾಜಿಗಿಂತ ಮುಂಚೆ ಆಗಬೇಕಾದ ಕೆಲಸ ಅದು.

ಹಾಗೆಂದು ಎಲ್ಲ ತಪ್ಪನ್ನೂ ನೀತಿಯ ತಲೆಗೆ ಕಟ್ಟಲಾರೆ. ಬುರ್ರಕಥೆಯ ದರೋಜಿ ಈರಮ್ಮನಂಥ ಕಂಠ ಇದ್ದ ಸೀಮೆ ಇದು. ಆಕೆ ತೀರಿಕೊಂಡದ್ದು 2014ರಲ್ಲಿ. ಸಂಡೂರಿನ ಲಂಬಾಣಿ ಕಸೂತಿಯ ಹೆಣ್ಣುಮಕ್ಕಳು, ತೆಲುಗು ಬೆರೆತ ಕಂಪ್ಲಿಯ ಮಾತು, ಹಂಪಿಯ ಗೈಡುಗಳ ಕಥೆ: ಇವನ್ನು ಪ್ರಸಾರ ಮಾಡಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಹರಾಜಿನಲ್ಲಿ ವಾಹಿನಿ ಪಡೆಯುವವರು ಇಲ್ಲಿಯವರನ್ನೇ ಮೈಕಿನ ಮುಂದೆ ಕೂರಿಸಲಿ. ಕಾಲುವೆಗೆ ನೀರು ಬಿಡುವ ದಿನವನ್ನು ಬೆಳಗಿನ ಮೊದಲ ಹಾಡಿಗಿಂತ ಮುಂಚೆ ಹೇಳಲಿ.