ವಕೀಲಿ, ಕಥೆ, ಚಲಚ್ಚಿತ್ರ: ‘ಹಸೀನಾ’ವನ್ನು ಕುರಿತು

ಹಾಸನದ ಶ್ರೀಮತಿ ಬಾನು ಮುಷ್ತಾಕ್ ಅವರು ವಕೀಲರು, ನಗರಸಭೆಯ ಸದಸ್ಯರಾಗಿದ್ದವರು, ಕಥೆಗಾರ್ತಿ. ಅವರ ‘ಕರಿ ನಾಗರಗಳು’ ಕಥೆಯನ್ನು ಆಧರಿಸಿ ಶ್ರೀ ಗಿರೀಶ ಕಾಸರವಳ್ಳಿಯವರು 2004ರಲ್ಲಿ ‘ಹಸೀನಾ’ ಚಿತ್ರವನ್ನು ನಿರ್ದೇಶಿಸಿದರು. ನಾಯಿಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಸಂದಿತು. ಗಂಡನಿಂದ ಪರಿತ್ಯಕ್ತಳಾದ ತಾಯಿಯೊಬ್ಬಳು ನ್ಯಾಯ ಬೇಡಿ ಮಸೀದಿಯೆದುರು ಕುಳಿತುಕೊಳ್ಳುವುದೇ ಇದರ ವಸ್ತು.

ಇದು ಸಾಕ್ಷ್ಯಚಿತ್ರವಲ್ಲ, ಆದಕಾರಣ ಇತಿಹಾಸಕಾರನಿಗೆ ಆಧಾರವಾಗದೆಂದು ವಾದಿಸಬಹುದು. ನಾವು ಈ ವಾದವನ್ನು ಅರ್ಧ ಮಾತ್ರ ಒಪ್ಪುತ್ತೇವೆ. ಹಸೀನಾ ಎಂಬಾಕೆ ಇದ್ದಳೆಂಬುದಕ್ಕೆ ಚಿತ್ರವು ಪ್ರಮಾಣವಲ್ಲ, ನಿಜ. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನ್ಯಾಯಾಲಯದ ಕಡತಗಳಲ್ಲಿ ದೊರೆಯುವುದು ಅರ್ಜಿ, ವಾಯಿದೆ, ತೀರ್ಪು ಇವಿಷ್ಟೆ. ಅರ್ಜಿದಾರಳು ಕಾದ ಕಾಲವು ಅಲ್ಲಿ ಬರಿಯ ದಿನಾಂಕವಾಗಿ ಉಳಿಯುತ್ತದೆ. ನ್ಯಾಯಾಲಯದ ಮೆಟ್ಟಿಲನ್ನೇ ಹತ್ತದವಳಿಗಂತೂ ಕಡತವೇ ಇಲ್ಲ. ‘ಹಸೀನಾ’ ನಮ್ಮ ಕಣ್ಣೆದುರಿಗೆ ಇರಿಸುವುದು ಆ ಕಾಯುವಿಕೆಯನ್ನೇ.

ಮತ್ತೊಂದು ಮಾತು. ಸಾಕ್ಷ್ಯಚಿತ್ರವು ಹೆಸರನ್ನೂ ಮುಖವನ್ನೂ ಬಯಸುತ್ತದೆ. ವಕೀಲರಾದರೋ ಕಕ್ಷಿಗಾರಳ ಗುಟ್ಟನ್ನು ಕಾಯಲೇಬೇಕು. ಈ ಎರಡು ಧರ್ಮಗಳ ನಡುವೆ ನಿಂತವರಿಗೆ ಕಥೆಯು ಸತ್ಯದಿಂದ ನುಣುಚಿಕೊಳ್ಳುವ ಹಾದಿಯಲ್ಲ. ಒಬ್ಬಳ ಮಾನವನ್ನು ಕಾಪಾಡುತ್ತ ಹಲವರ ಸಾಕ್ಷ್ಯವನ್ನು ನುಡಿಯುವ ಹಾದಿ. ಸಂಶೋಧಕರು ಕಡತವನ್ನೂ ಚಿತ್ರವನ್ನೂ ಜೊತೆಯಲ್ಲಿರಿಸಿ ಓದುವುದು ಉಚಿತವೆಂದು ನಮ್ಮ ಅಭಿಪ್ರಾಯ.