ಸ್ಟಾರ್ ಟ್ರೆಕ್: ಕಿವಿಗೊಟ್ಟು ನೋಡುವವರಿಗೆ

ಹಳೆಯ ‘ಸ್ಟಾರ್ ಟ್ರೆಕ್’ ನೋಡಲು ಹೊಸದಾಗಿ ಕೂರುವವರಿಗೆ ಮೊದಲ ಮಾತು: ಮೊದಲ ಕಂತಿನಿಂದ ಶುರು ಮಾಡಬೇಡಿ. 1966ರ ಸೆಪ್ಟೆಂಬರ್ 8ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಮೊದಲು ಪ್ರಸಾರವಾದದ್ದು ‘ದಿ ಮ್ಯಾನ್ ಟ್ರ್ಯಾಪ್’, ಮನುಷ್ಯರ ಮೈಯ ಉಪ್ಪು ಹೀರುವ ಪ್ರಾಣಿಯ ಕಥೆ. ಕೆಟ್ಟ ಕಂತೇನಲ್ಲ. ಆದರೆ ಈ ಸರಣಿಯ ಜೀವ ಎಲ್ಲಿದೆ ಎಂಬುದು ಅದರಲ್ಲಿ ತಿಳಿಯುವುದಿಲ್ಲ. ಒಟ್ಟು ಮೂರು ಸೀಸನ್, 79 ಕಂತು, ಬಹುಪಾಲು ಬಿಡಿ ಕಥೆಗಳೇ. ಎಲ್ಲಿಂದ ಬೇಕಾದರೂ ಒಳಗೆ ಹೋಗಬಹುದು. ನಾನು ಎಲ್ಲರಿಗೂ ಹೇಳುವುದು ‘ದಿ ಡೆವಿಲ್ ಇನ್ ದಿ ಡಾರ್ಕ್’, ಮೊದಲ ಸೀಸನ್ನಿನ ಕೊನೆಯ ಭಾಗದಲ್ಲಿ, 1967ರ ಮಾರ್ಚ್ 9ರಂದು ಬಂದ ಕಂತು. ಅದರ ವಿಷಯ ಆಮೇಲೆ.

ಎರಡನೆಯ ಮಾತು ಇನ್ನೂ ಮುಖ್ಯ. ಇದನ್ನು ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದ ನೋಡಬೇಕು.

ದಕ್ಷಿಣ ಬೆಂಗಳೂರಿನ ನಮ್ಮ ತಲೆಮಾರಿಗೆ ಈ ಪಾಠ ತಾನಾಗಿಯೇ ಆಯಿತು. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಆಮೇಲಿನ ನಾಲ್ಕೈದು ವರ್ಷಗಳಲ್ಲಿ ಜಯನಗರ, ಬನಶಂಕರಿಯ ತಾರಸಿಗಳ ಮೇಲೆಲ್ಲ ಆಂಟೆನಾ ಎದ್ದವು. ‘ಸ್ಟಾರ್ ಟ್ರೆಕ್’ ಬರುತ್ತಿದ್ದದ್ದು ಭಾನುವಾರ ಬೆಳಿಗ್ಗೆ. ‘ರಾಮಾಯಣ’ ಇನ್ನೂ ಬಂದಿರಲಿಲ್ಲ, ಅದು 1987ರ ಜನವರಿಯಲ್ಲಿ. ನಮ್ಮ ಬೀದಿಯಲ್ಲಿ ಬಹಳ ಮನೆಗಳ ಟಿವಿ ಕಪ್ಪು ಬಿಳುಪಿನದು. ಈ ಸರಣಿಯಲ್ಲಿ ನಾಯಕರಿಗೆ ಹೊಂಬಣ್ಣದ ಅಂಗಿ, ವಿಜ್ಞಾನ ಮತ್ತು ವೈದ್ಯ ವಿಭಾಗದವರಿಗೆ ನೀಲಿ, ಎಂಜಿನಿಯರು ಮತ್ತು ಕಾವಲಿನವರಿಗೆ ಕೆಂಪು. ಎನ್‌ಬಿಸಿಯ ಒಡೆಯನಾಗಿದ್ದ ಆರ್‌ಸಿಎ ಕಂಪನಿ ಆಗ ಕಲರ್ ಟಿವಿ ಮಾರುತ್ತಿತ್ತು, ಆ ಬಣ್ಣಗಳು ಅಷ್ಟು ಢಾಳಾಗಿರುವುದರಲ್ಲಿ ಅಚ್ಚರಿಯಿಲ್ಲ. ನಮ್ಮ ಪರದೆಯ ಮೇಲೆ ಎಲ್ಲವೂ ಬೂದು. ಯಾರು ಯಾರು ಎಂದು ತಿಳಿಯುತ್ತಿದ್ದದ್ದು ದನಿಯಿಂದ. ಇಂಗ್ಲಿಷ್ ಅರ್ಧಂಬರ್ಧ ಅರ್ಥವಾಗುತ್ತಿತ್ತು, ಉಳಿದದ್ದನ್ನು ಅಪ್ಪ ಕನ್ನಡದಲ್ಲಿ ಹೇಳುತ್ತಿದ್ದರು, ಹೇಳುವಷ್ಟರಲ್ಲಿ ಮುಂದಿನ ಮಾತು ಹೋಗಿರುತ್ತಿತ್ತು. ಆದರೂ ಅವರು ಮೂವರು ಯಾವುದೋ ದೊಡ್ಡ ವಿಷಯಕ್ಕೆ ಜಗಳವಾಡುತ್ತಿದ್ದಾರೆ, ಮೂವರೂ ಒಬ್ಬರನ್ನೊಬ್ಬರು ಬಿಟ್ಟುಕೊಡುವವರಲ್ಲ ಎಂಬುದು ಮಾತ್ರ ಮೊದಲ ದಿನವೇ ಗೊತ್ತಾಗಿತ್ತು.

ಆ ಮೂವರು: ಬಾಹ್ಯಾಕಾಶ ಹಡಗಿನ ಕ್ಯಾಪ್ಟನ್ ಕರ್ಕ್ (ವಿಲಿಯಂ ಶಾಟ್ನರ್), ವಲ್ಕನ್ ಎಂಬ ಗ್ರಹದ ತಂದೆ ಮತ್ತು ಮಾನವ ತಾಯಿಯ ಮಗ ಸ್ಪಾಕ್ (ಲೆನಾರ್ಡ್ ನಿಮೊಯ್), ಹಡಗಿನ ವೈದ್ಯ ಮೆಕಾಯ್ (ಡಿಫಾರೆಸ್ಟ್ ಕೆಲ್ಲಿ).

ತಾಳಮದ್ದಳೆ ಕೇಳಿದವರಿಗೆ ಇವರು ಬೇಗ ಹತ್ತಿರವಾಗುತ್ತಾರೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಲ್ಯದ ನಾಲ್ಕು ಜನ ಕೂತು ಮಾತಾಡುತ್ತಾರೆ, ಅಷ್ಟೆ. ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ರಾಮನನ್ನು ಕೇಳುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ ಕೂತರೆ, ಇದಕ್ಕೆ ರಾಮ ಏನು ಉತ್ತರ ಕೊಡುತ್ತಾನೋ ಎಂದು ಸಭೆ ಉಸಿರು ಬಿಗಿಹಿಡಿಯುತ್ತಿತ್ತು. ಕಥೆಯ ಕೊನೆ ಎಲ್ಲರಿಗೂ ಗೊತ್ತು. ಕುತೂಹಲವೆಲ್ಲ ವಾದದಲ್ಲಿ. ‘ಸ್ಟಾರ್ ಟ್ರೆಕ್’ ಕಟ್ಟಿರುವುದೂ ಹೀಗೆಯೇ. ಸ್ಪಾಕ್ ತರ್ಕ ಹಿಡಿದು ಹೊರಡುತ್ತಾನೆ, ಮೆಕಾಯ್ ಅನುಕಂಪ ಹಿಡಿದು. ಕರ್ಕ್ ಇಬ್ಬರ ನಡುವಿನ ತೀರ್ಪುಗಾರ ಎಂದು ಹಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಅವನು ಇಬ್ಬರ ಮಾತಿಗೂ ಸೋಲುತ್ತಾನೆ, ಸೋತ ಮೇಲೂ ಆಜ್ಞೆ ಕೊಡಬೇಕಾದವನು ಅವನೇ. ವಾದ ಏರುವಾಗ ಮಾತಾಡುವವನನ್ನು ಬಿಟ್ಟು ಕರ್ಕ್‌ನ ಮುಖ ನೋಡಿ. ಶಾಟ್ನರ್ ಅತಿಯಾಗಿ ನಟಿಸುತ್ತಾನೆ ಎಂದು ದೂರುವವರು ಅವನು ಸುಮ್ಮನೆ ಕೇಳಿಸಿಕೊಳ್ಳುವ ಆ ಗಳಿಗೆಗಳನ್ನು ನೋಡಿಲ್ಲ.

ಇನ್ನು ರಟ್ಟಿನ ಬಂಡೆ, ಪ್ಲೈವುಡ್ ಗೋಡೆಗಳ ವಿಷಯ. ಅವು ಕಾಣುತ್ತವೆ, ಕಂಡರೆ ಕಾಣಲಿ. ದುಡ್ಡು ಕಡಿಮೆ ಇತ್ತು. ಸರಣಿಯ ಕರ್ತೃ ಜೀನ್ ರಾಡೆನ್‌ಬೆರಿಗೆ ಪ್ರತಿವಾರ ಹಡಗನ್ನು ಗ್ರಹದ ಮೇಲೆ ಇಳಿಸಿ ತೋರಿಸುವ ಖರ್ಚು ಭರಿಸಲಾಗದೆ ಹುಟ್ಟಿದ್ದೇ ಟ್ರಾನ್ಸ್‌ಪೋರ್ಟರ್: ಮನುಷ್ಯರು ಮಿನುಗಿ ಮಾಯವಾಗಿ ಬೇರೆಡೆ ಮೂಡುವ ಆ ಯಂತ್ರ. ‘ಷ್’ ಎಂದು ತಾವಾಗಿಯೇ ತೆರೆದುಕೊಳ್ಳುವ ಬಾಗಿಲನ್ನು ಮರೆಯಲ್ಲಿ ನಿಂತ ಕೆಲಸದವರು ಕೈಯಿಂದ ಎಳೆಯುತ್ತಿದ್ದರು. ಆದರೆ ಆ ಸದ್ದು ಎಷ್ಟು ನಂಬಿಸುತ್ತದೆ ಕೇಳಿ. ಹಡಗಿನ ಒಂದೊಂದು ಕೋಣೆಗೂ ಒಂದೊಂದು ಗುಂಯ್‌ಗುಡುವಿಕೆ ಇದೆ. ಚಿಕಿತ್ಸಾ ಕೊಠಡಿಯಲ್ಲಿ ಹಾಸಿಗೆಯ ಮೇಲಿನ ಯಂತ್ರದಿಂದ ಎದೆಬಡಿತ ಕೇಳುತ್ತಲೇ ಇರುತ್ತದೆ. ಶೀರ್ಷಿಕೆ ಸಂಗೀತ ಅಲೆಕ್ಸಾಂಡರ್ ಕರೇಜ್ ಅವರದು, ಅದರಲ್ಲಿ ಪದಗಳಿಲ್ಲದೆ ಮೇಲೇರುವ ಹೆಣ್ಣುದನಿ ಲೂಲಿ ಜೀನ್ ನಾರ್ಮನ್ ಅವರದು. ಕಣ್ಣುಮುಚ್ಚಿ ಕೂತರೂ ಹಡಗಿನ ಯಾವ ಭಾಗದಲ್ಲಿದ್ದೇವೆ ಎಂದು ಹೇಳಬಹುದು. ಮೊಬೈಲ್‌ನ ಸ್ಪೀಕರಿನಲ್ಲಿ ಇದನ್ನೆಲ್ಲ ಕಳೆದುಕೊಳ್ಳಬೇಡಿ.

ಇದರಲ್ಲಿ ರಾಕೆಟ್ ವಿಜ್ಞಾನ ಹುಡುಕುವುದೂ ಬೇಡ. ನಿಜವಾದ ಉಪಗ್ರಹ ಕಟ್ಟಿದವರು ನಮ್ಮ ಬೀದಿಗಳಲ್ಲೇ ತರಕಾರಿ ಚೀಲ ಹಿಡಿದು ಓಡಾಡುತ್ತಿದ್ದರು. 1975ರಲ್ಲಿ ಹಾರಿದ ಆರ್ಯಭಟ ರೂಪುಗೊಂಡದ್ದು ಪೀಣ್ಯದ ಶೆಡ್ಡುಗಳಲ್ಲಿ. 1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೇ ಹೋಗಿ ಬಂದಿದ್ದರು. ಅಂಥ ಊರಿನವರು ‘ಸ್ಟಾರ್ ಟ್ರೆಕ್’ ನೋಡಿದ್ದು ಎಂಜಿನ್ ಹೇಗೆ ಓಡುತ್ತದೆ ಎಂದು ತಿಳಿಯಲಿಕ್ಕಲ್ಲ. ಗೊತ್ತಿಲ್ಲದ ಜೀವಿಯೊಂದು ಎದುರಾದಾಗ ಮನುಷ್ಯರು ಹೇಗೆ ನಡೆದುಕೊಳ್ಳುತ್ತಾರೆ, ಹೇಗೆ ನಡೆದುಕೊಳ್ಳಬೇಕು ಎಂದು ನೋಡಲಿಕ್ಕೆ.

ಈಗ ‘ದಿ ಡೆವಿಲ್ ಇನ್ ದಿ ಡಾರ್ಕ್’. ಕಥೆ ಹೇಳಿಬಿಡುತ್ತೇನೆ, ಹೇಳಿದರೆ ಕೆಡುವಂಥದ್ದಲ್ಲ. ಒಂದು ಗ್ರಹದ ಗಣಿಯಲ್ಲಿ ಯಾವುದೋ ಜೀವಿ ಬಂಡೆಯನ್ನೇ ಕೊರೆದುಕೊಂಡು ಬಂದು ಕಾರ್ಮಿಕರನ್ನು ಸುಟ್ಟು ಕೊಲ್ಲುತ್ತಿದೆ. ಐವತ್ತಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಕರ್ಕ್ ಬರುವುದು ಅದನ್ನು ಕೊಲ್ಲಲು. ಅದು ಆ ಜಾತಿಯ ಕೊನೆಯ ಜೀವಿ ಇರಬಹುದು, ಸಾಧ್ಯವಾದರೆ ಹಿಡಿಯಿರಿ ಎಂದು ಸ್ಪಾಕ್ ಕಾವಲಿನವರಿಗೆ ಹೇಳುತ್ತಾನೆ. ಕರ್ಕ್ ಎಲ್ಲರ ಎದುರೇ ಆ ಮಾತನ್ನು ತಳ್ಳಿಹಾಕುತ್ತಾನೆ. ಆಮೇಲೆ ಸುರಂಗ ಕುಸಿದು ಕರ್ಕ್ ಒಬ್ಬನೇ ಅದರ ಎದುರು ಸಿಕ್ಕಿಬೀಳುತ್ತಾನೆ. ಕೈಯಲ್ಲಿ ಆಯುಧವಿದೆ, ಜೀವಿ ಗಾಯಗೊಂಡಿದೆ. ಅತ್ತ ಕಮ್ಯುನಿಕೇಟರಿನಲ್ಲಿ ಸ್ಪಾಕ್ ಕೂಗುತ್ತಿದ್ದಾನೆ, ತಕ್ಷಣ ಕೊಂದುಬಿಡಿ ಎಂದು! ಇತ್ತ ಕರ್ಕ್ ಕೊಲ್ಲಲು ಒಪ್ಪುತ್ತಿಲ್ಲ. ಅರ್ಧ ಗಂಟೆಯಲ್ಲಿ ಇಬ್ಬರ ವಾದವೂ ಅದಲುಬದಲಾಗಿದೆ. ಸ್ನೇಹಿತನ ಜೀವದ ಪ್ರಶ್ನೆ ಬಂದಾಗ ಸ್ಪಾಕ್‌ನ ತರ್ಕ ಎಲ್ಲಿ ಹೋಯಿತು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಜೀನ್ ಎಲ್. ಕೂನ್ ಬರೆದ ಚಿತ್ರಕಥೆ. ಇಂಥ ಕಡೆ ಮಾತು ನಿಲ್ಲಿಸಲು ಅವರಿಗೆ ಗೊತ್ತಿತ್ತು.

ಬಿಟಿಎಂ ಲೇಔಟ್‌ನ ಪಿಜಿಯಲ್ಲಿರುವ ನನ್ನ ಅಕ್ಕನ ಮಗಳು ಒಂದು ಭಾನುವಾರ ಊಟಕ್ಕೆ ಬಂದಾಗ ಈ ಕಂತು ಹಾಕಿದೆ. ಜೀವಿ ಕಾಣಿಸಿದ ಕೂಡಲೇ ನಕ್ಕಳು. “ಮಾಮ, ಒಳಗೊಬ್ಬ ಮನುಷ್ಯ ತೆವಳ್ತಾ ಇದಾನೆ, ಗೊತ್ತಾಗತ್ತೆ. ಗುಹೆ ಅಂತಾರೆ, ನೆಲ ನೋಡಿದ್ರೆ ಮಾರ್ಬಲ್ ಥರ ನುಣ್ಣಗಿದೆ.” ಎರಡೂ ನಿಜ. ಒಳಗೆ ತೆವಳುತ್ತಿದ್ದವನು ಜಾನೊಸ್ ಪ್ರೊಹಾಸ್ಕಾ ಎಂಬ ಸಾಹಸ ಕಲಾವಿದ. ನೆಲ ಸ್ಟುಡಿಯೊದ್ದು. ಆಮೇಲೆ ಸ್ಪಾಕ್ ಆ ಜೀವಿಯ ಮನಸ್ಸನ್ನು ತನ್ನದಾಗಿಸಿಕೊಂಡು ನೋವಿನಿಂದ ಕೂಗುವ ದೃಶ್ಯ ಬಂತು. ಅವಳ ಮೊಬೈಲ್ ಸೋಫಾ ಮೇಲೆ ಬೋರಲಾಯಿತು. ಆ ಜೀವಿ ಬಂಡೆಯ ಮೇಲೆ ಇಂಗ್ಲಿಷಿನಲ್ಲಿ ಮೂರು ಪದ ಸುಟ್ಟು ಬರೆಯುತ್ತದೆ, ವ್ಯಾಕರಣವಿಲ್ಲದ ಪದಗಳು. “ಮಾಮ, ಇದು ‘ಕೊಲ್ಲಬೇಡಿ’ ಅಂತಾನಾ, ‘ನಾನು ಕೊಲ್ಲಲ್ಲ’ ಅಂತಾನಾ?” ಎಂದು ಕೇಳಿದಳು. ಮರುಕ್ಷಣವೇ ಕರ್ಕ್ ಕೂಡ ಅದನ್ನೇ ಕೇಳಿದ.

ಗಣಿಯವರು ಬೇಡದ ಕಲ್ಲೆಂದು ಒಡೆದುಹಾಕಿದ ದುಂಡನೆಯ ಗುಂಡುಗಳು ಆ ಜೀವಿಯ ಮೊಟ್ಟೆಗಳಾಗಿದ್ದವು. ಕೊಲೆಗಾರ ಜೀವಿ ತಾಯಿ. ಕಲ್ಲಿನ ಮೈಯ ಅದರ ಗಾಯಕ್ಕೆ ಮೆಕಾಯ್ ಗೊಣಗಿಕೊಂಡೇ ಕಾಂಕ್ರೀಟು ಮೆತ್ತುತ್ತಾನೆ. ದೊಣ್ಣೆ ಹಿಡಿದು ನುಗ್ಗಿ ಬಂದ ಕಾರ್ಮಿಕರನ್ನು ಕರ್ಕ್ ತಡೆದು ನಿಜ ಹೇಳಿದಾಗ ಅವರ ಮುಖ ನೋಡಿ. ಈ ಕಂತಿನ ಚಿತ್ರೀಕರಣ ನಡೆಯುವಾಗಲೇ ಶಾಟ್ನರ್ ಅವರ ತಂದೆ ತೀರಿಕೊಂಡ ಸುದ್ದಿ ಬಂತು. ಅವರು ಆ ದಿನದ ಕೆಲಸ ಮುಗಿಸಿಯೇ ಹೊರಟರು.

ಇದು ಹಿಡಿಸಿದರೆ ಮುಂದಿನದು ‘ಬ್ಯಾಲೆನ್ಸ್ ಆಫ್ ಟೆರರ್’. ಒಬ್ಬರಿಗೊಬ್ಬರು ಕಾಣದ ಎರಡು ಹಡಗುಗಳ ನಾಯಕರ ಕಾದಾಟ. ಶತ್ರುವಿನ ಮುಖ ಸ್ಪಾಕ್‌ನ ಮುಖವನ್ನು ಹೋಲುತ್ತದೆ ಎಂದು ಗೊತ್ತಾದಾಗ ಹಡಗಿನೊಳಗೇ ಅನುಮಾನ ಹುಟ್ಟುತ್ತದೆ, ಕರ್ಕ್ ಅದನ್ನು ಅಲ್ಲೇ ಚಿವುಟುತ್ತಾನೆ. ಶತ್ರು ನಾಯಕನಾಗಿ ಮಾರ್ಕ್ ಲೆನಾರ್ಡ್ ದಣಿದ ದನಿಯಲ್ಲಿ ಆಡುವ ಮಾತುಗಳನ್ನು ನಾನು ಇವತ್ತಿಗೂ ಮತ್ತೆ ಮತ್ತೆ ಹಾಕಿ ಕೇಳುತ್ತೇನೆ. ಅದೇ ನಟ ಮುಂದೆ ಸ್ಪಾಕ್‌ನ ತಂದೆಯಾಗಿ ಬರುತ್ತಾನೆ. ಆಮೇಲೆ ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’, ಹಾರ್ಲನ್ ಎಲಿಸನ್ ಬರೆದದ್ದು. ಶಾಂತಿಯ ಮಾತಾಡುವ ಒಳ್ಳೆಯ ಹೆಣ್ಣುಮಗಳೊಬ್ಬಳು ಬದುಕಿದರೆ ಹಿಟ್ಲರ್ ಗೆಲ್ಲುತ್ತಾನೆ. ಅವಳು ಸಾಯಬೇಕು, ಕರ್ಕ್ ಅವಳನ್ನು ಪ್ರೀತಿಸಿದ್ದಾನೆ. ಅದರ ಬಗ್ಗೆ ಇಷ್ಟು ಸಾಕು.

ಖಾನ್ ನೂನಿಯನ್ ಸಿಂಗ್ ಎಂಬ ಖಳನಾಯಕ ಬರುವ ‘ಸ್ಪೇಸ್ ಸೀಡ್’ ಅನ್ನೂ ನೋಡಿ. ಉತ್ತರ ಭಾರತದ ಸಿಖ್ಖನಿರಬೇಕು ಎಂದು ಕಂತಿನಲ್ಲಿ ಊಹಿಸುವ ಆ ಪಾತ್ರ ಮಾಡಿದವರು ಮೆಕ್ಸಿಕೊದ ರಿಕಾರ್ಡೊ ಮೊಂಟಾಲ್ಬನ್. ಭಾರತದವರೇ ಒಬ್ಬರು ‘ಸ್ಟಾರ್ ಟ್ರೆಕ್’ ಒಳಗೆ ಬಂದದ್ದು 1979ರ ಚಲನಚಿತ್ರದಲ್ಲಿ: 1965ರ ಮಿಸ್ ಇಂಡಿಯಾ ಪರ್ಸಿಸ್ ಖಂಬಾಟಾ, ತಲೆ ಬೋಳಿಸಿಕೊಂಡು.

ತಪ್ಪುಗಳನ್ನೂ ಹೇಳಬೇಕು. ಹಡಗಿನ ಹೆಣ್ಣುಮಕ್ಕಳ ತುಂಡು ಲಂಗ, ಹೆಣ್ಣು ಕಂಡಲ್ಲೆಲ್ಲ ಕ್ಯಾಮೆರಾ ಮಂಜಾಗುವುದು, ಹೆಣ್ಣಿಗೆ ಕ್ಯಾಪ್ಟನ್ ಪಟ್ಟ ಸಲ್ಲದೆಂಬ ಧ್ವನಿಯುಳ್ಳ ಕೊನೆಯ ಕಂತು, ಇವು ಅಂದಿನ ಕಾಲದ ದೋಷಗಳು ಮಾತ್ರವಲ್ಲ, ಈ ಸರಣಿಯವೂ ಹೌದು. ಎಲ್ಲ ಮನುಷ್ಯರೂ ಸಮಾನರೆಂದು ಹೇಳಹೊರಟವರು ಇಲ್ಲಿ ಹಿಂದೆ ಬಿದ್ದರು. ಆದರೂ ಅದೇ ಹಡಗಿನ ಸಂಪರ್ಕಾಧಿಕಾರಿ ಉಹುರಾ ಆಗಿ ಕರಿಯ ಕಲಾವಿದೆ ನಿಶೆಲ್ ನಿಕೋಲ್ಸ್ ಇದ್ದರು. ಅವರು ಬಿಟ್ಟುಹೋಗಲು ಹೊರಟಾಗ ಮಾರ್ಟಿನ್ ಲೂಥರ್ ಕಿಂಗ್ ಅವರೇ, ಆ ಕುರ್ಚಿಯಲ್ಲಿ ನೀವು ಕೂತಿರುವುದು ಬಹಳ ಮುಖ್ಯ ಎಂದು ಹೇಳಿ ತಡೆದರು. ಮೂರನೇ ಸೀಸನ್ ಸೊರಗಿದೆ. ‘ಸ್ಪಾಕ್ಸ್ ಬ್ರೇನ್’ ನೋಡದಿದ್ದರೆ ಏನೂ ನಷ್ಟವಿಲ್ಲ. ಅರ್ಧ ಕಪ್ಪು ಅರ್ಧ ಬಿಳಿ ಮುಖದ ಇಬ್ಬರು ಬದ್ಧವೈರಿಗಳ ‘ಲೆಟ್ ದಟ್ ಬಿ ಯುವರ್ ಲಾಸ್ಟ್ ಬ್ಯಾಟಲ್‌ಫೀಲ್ಡ್’ ಮಾತ್ರ ಬಿಡಬೇಡಿ. ಕಪ್ಪು ಬಿಳುಪು ಟಿವಿಯಲ್ಲಿ ಒಂದಿಷ್ಟೂ ಮಾಸದೆ ನಮಗೆ ದಕ್ಕಬಹುದಾದ ಕಂತೆಂದರೆ ಅದು.

ಕೇಬಲ್ ಬಂದ ಮೇಲೆ ನಾವು ಕಂಡದ್ದು 1987ರಿಂದ 1994ರವರೆಗೆ ತಯಾರಾದ ‘ದಿ ನೆಕ್ಸ್ಟ್ ಜನರೇಶನ್’ ಎಂಬ ಮುಂದಿನ ‘ಸ್ಟಾರ್ ಟ್ರೆಕ್’ ಸರಣಿ. ಅದಕ್ಕೆ ಹೋಗುವವರು ‘ದಿ ಮೆಷರ್ ಆಫ್ ಎ ಮ್ಯಾನ್’ನಿಂದ ಹೊರಡಿ. ಯಂತ್ರಮಾನವ ಡೇಟಾ ಸರ್ಕಾರದ ಆಸ್ತಿಯೋ, ಸ್ವತಂತ್ರ ಜೀವಿಯೋ ಎಂಬ ವಿಚಾರಣೆ ಅದು. ಬರೆದ ಮೆಲಿಂಡಾ ಸ್ನಾಡ್‌ಗ್ರಾಸ್ ಮೊದಲು ವಕೀಲರಾಗಿದ್ದವರು.

ಅದರ ಬೆನ್ನಿಗೆ 1991ರ ‘ಡಾರ್ಮಾಕ್’. ಇದು ಕನ್ನಡದವರಿಗೆಂದೇ ಬರೆದ ಹಾಗಿದೆ ಎಂದು ನನಗೆ ಅನ್ನಿಸುತ್ತದೆ. ಇಲ್ಲಿ ಬರುವ ಜನ ತಮ್ಮ ಪುರಾಣಗಳ ಹೆಸರು, ಊರು, ಘಟನೆಗಳಲ್ಲೇ ಮಾತಾಡುತ್ತಾರೆ. ಹಡಗಿನ ಅನುವಾದ ಯಂತ್ರ ಪ್ರತಿ ಪದವನ್ನೂ ಸರಿಯಾಗಿಯೇ ಹೇಳುತ್ತದೆ, ಆದರೆ ಈ ಸರಣಿಯ ಹಡಗಿನ ಕ್ಯಾಪ್ಟನ್ ಪಿಕಾರ್ಡ್‌ಗೆ ಒಂದು ಮಾತೂ ತಿಳಿಯುವುದಿಲ್ಲ. ತ್ರಿಶಂಕು ಸ್ಥಿತಿ, ಭಗೀರಥ ಪ್ರಯತ್ನ, ಕುಂಭಕರ್ಣನ ನಿದ್ದೆ, ಶಬರಿ ಕಾದ ಹಾಗೆ ಎಂದು ದಿನಕ್ಕೆ ಹತ್ತು ಸಲ ಹೇಳುವ ನಮಗೆ, ಆ ಕಥೆಗಳೇ ಗೊತ್ತಿಲ್ಲದವನ ಎದುರು ನಿಂತರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಎದುರು ಪಕ್ಷದ ನಾಯಕ ಡೇಥನ್ (ಪಾಲ್ ವಿನ್‌ಫೀಲ್ಡ್) ಇಬ್ಬರಿಗೂ ಸೇರಿದ ಒಂದು ಕಥೆ ಹುಟ್ಟಲಿ ಎಂದು ತನ್ನ ಜೀವವನ್ನೇ ಪಣಕ್ಕಿಡುತ್ತಾನೆ. ಸಾಯುತ್ತಿರುವ ಅವನಿಗೆ ಪಿಕಾರ್ಡ್ ಬೆಂಕಿಯ ಪಕ್ಕ ಕೂತು ಗಿಲ್ಗಮೇಶನ ಕಥೆ ಹೇಳುತ್ತಾನೆ. ಈ ಕಂತಿಗೆ ಸಬ್‌ಟೈಟಲ್ ಹಾಕಿಕೊಳ್ಳಿ, ಆ ವಿಚಿತ್ರ ಹೆಸರುಗಳು ಕಣ್ಣಿಗೂ ಬೀಳಲಿ. ಅರ್ಥವನ್ನು ಮಾತ್ರ ಮೊದಲೇ ಎಲ್ಲೂ ಹುಡುಕಿ ಓದಬೇಡಿ. ಕೊನೆಯಲ್ಲಿ ಪಿಕಾರ್ಡ್ ತನ್ನ ಹಡಗಿಗೆ ಮರಳಿ ಆ ಜನರೊಂದಿಗೆ ಅವರದೇ ಭಾಷೆಯಲ್ಲಿ ಮಾತಾಡುವ ಹೊತ್ತಿಗೆ, ಯಾರೂ ಕಲಿಸದೆಯೇ ನಿಮಗೂ ಅದರ ಪ್ರತಿ ಮಾತು ತಿಳಿಯುತ್ತಿರುತ್ತದೆ.